ಮೂರನೇ ದಿನದ ಕವಲಿನ ಬಿಳಿಕಲ್ಲು

ಮೂವತ್ತೆಂಟು ವರ್ಷಗಳ ಹಿಂದೆ, ದ್ವೀಪದ ನಡಿಗೆ ದಾರಿಗೆ ಕೊನೆಯ ಕಲ್ಲು ಕೂರಿಸಿದ ದಿನ, ಎಂಟು ವರ್ಷದ ಹುಡುಗಿಯೊಬ್ಬಳು ಕೆಲಸದ ತಂಡದ ಮೇಸ್ತ್ರಿಗೆ ಮಾತು ಕೊಟ್ಟಿದ್ದಳು. "ದೊಡ್ಡೋಳಾದ್ಮೇಲೆ ಈ ದಾರೀನ ಪೂರ್ತಿ ನಡೀತೀನಿ ಮಾಮ. ಐದು ದಿನಾನೂ. ಒಂದು ಹೆಜ್ಜೆನೂ ಬಿಡಲ್ಲ." ಮೇಸ್ತ್ರಿ ನಗಲಿಲ್ಲ. "ನಡೆದು ಬಂದು ನಂಗೆ ಹೇಳ್ಬೇಕು," ಎಂದಿದ್ದರು.

ಹುಡುಗಿ ದೊಡ್ಡವಳಾದಳು, ಪೊಲೀಸ್ ಇಲಾಖೆ ಸೇರಿದಳು, ಇಬ್ಬರು ಮಕ್ಕಳನ್ನು ಹೆತ್ತಳು, ಇನ್ಸ್‌ಪೆಕ್ಟರ್ ಆದಳು. ಠಾಣೆಯ ಕಿಟಕಿಯಿಂದ ದ್ವೀಪ ದಿನವೂ ಕಾಣುತ್ತಿತ್ತು. ಐದು ದಿನದ ರಜೆ ಮಾತ್ರ ಒಮ್ಮೆಯೂ ಕೂಡಿಬರಲಿಲ್ಲ.

ಹನ್ನೆರಡನೇ ತಾರೀಕು ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸಿನ ಎರಡೂ ಅಂಗೈಗೆ ಬ್ಯಾಂಡೇಜ್ ಇತ್ತು. ವೃತ್ತಿಯಿಂದ ನರ್ಸ್. ಗಂಡನೊಡನೆ ದ್ವೀಪ ನಡೆಯಲು ಹೋದವಳು. ಒಂಬತ್ತರ ಸಂಜೆ, ನಡಿಗೆಯ ಮೂರನೇ ದಿನ, ಗಂಡ ಕೊರಕಲಿಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಟೆಂಟಿನ ಕೋಲುಗಳನ್ನೇ ಕಾಲಿಗೆ ಆಸರೆಪಟ್ಟಿಯಾಗಿ ಕಟ್ಟಿ, ಕುಡಿಯುವ ನೀರನ್ನೆಲ್ಲ ಅವನ ಬಳಿಯೇ ಬಿಟ್ಟು, ಇವಳು ಒಬ್ಬಳೇ ಕೊರಕಲು ಹತ್ತಿ, ದ್ವೀಪ ಕಾಯುವ ಗಾರ್ಡ್ ಮನೆಯವರೆಗೆ ಹೋಗಿ ಜನ ಕರೆತಂದಿದ್ದಳು.

"ದ್ವೀಪದ ಆಫೀಸಿನವರು ನಮ್ಮದೇ ಅಜಾಗರೂಕತೆ ಅಂತ ಬರ್ಕೊಂಡಿದಾರೆ," ಎಂದಳು. "ಅವರಿಗೆ ಹೊಣೆ ಬೇಡ, ಅಷ್ಟೇ. ದಾರಿ ತೋರ್ಸೋಕೆ ಕಲ್ಲು ಪೇರ್ಸಿದಾರಲ್ಲ, ಆ ಒಂದೊಂದು ಗುರುತಿನ ಗುಡ್ಡೆನೂ ನೋಡ್ಕೊಂಡೇ ಹೋದ್ವಿ ಮೇಡಂ. ಕವಲಲ್ಲಿ ಗುಡ್ಡೆ ಎಡಕ್ಕಿತ್ತು. ಎಡಕ್ಕೆ ಹೋದ್ವಿ."

"ಅಲ್ಲಿ ದಾರಿ ಮುಚ್ಚಿದೆ ಅನ್ನೋ ಹಳದಿ ಬೋರ್ಡ್?"

"ಇರ್ಲಿಲ್ಲ."

"ಖಚಿತಾನಾ?"

"ಆಸ್ಪತ್ರೇಲಿ ಇಪ್ಪತ್ತು ವರ್ಷದಿಂದ ಬೋರ್ಡ್ ಓದ್ಕೊಂಡೇ ಬದುಕಿದೀನಿ. ಇದ್ದಿದ್ರೆ ಓದ್ತಿದ್ದೆ."

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

"ಸ್ಥಳಕ್ಕೆ ಲಾಂಚಲ್ಲಿ ಹೋಗಿಬಿಡೋಣ ಅಲ್ವಾ ಮೇಡಂ?" ಹೆಡ್ ಕಾನ್‌ಸ್ಟೇಬಲ್ ಆಸೆಯಿಂದ ಕೇಳಿದ. ಅವನ ಹೊಟ್ಟೆ ಬೆಲ್ಟಿನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ನಡೀಬೇಕು. ಮೊದಲನೇ ಗುಡ್ಡೆಯಿಂದ ಕೊನೇದರವರೆಗೂ ನೋಡ್ಬೇಕು. ಕವಲಲ್ಲಿ ಮಾತ್ರ ಬದಲಾಗಿದ್ಯೋ, ಎಲ್ಲಾ ಕಡೆನೋ ಗೊತ್ತಾಗ್ಬೇಕಲ್ಲ."

"ಐದು ದಿನಾನಾ?"

"ಐದು ದಿನ."

ಠಾಣೆಯಲ್ಲಿ ಬೆನ್ನಿಗೆ ಹಾಕುವ ಚೀಲವಿರಲಿಲ್ಲ. ಅವಳು ಮಗಳ ಶಾಲೆಯ ಪ್ರವಾಸದ ಬ್ಯಾಗು ತಂದಳು. ಗುಲಾಬಿ ಬಣ್ಣ, ಜಿಪ್ಪಿಗೊಂದು ಬಟ್ಟೆಯ ಮೊಲ.

"ಕಳ್ಳ ನೋಡಿದ್ರೆ ಹೆದರ್ಕೊಂಡು ತಾನೇ ಶರಣಾಗ್ತಾನೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್.

ಹದಿಮೂರರ ಬೆಳಿಗ್ಗೆ ಇಬ್ಬರೂ ದ್ವೀಪದಲ್ಲಿ ಇಳಿದರು. ಗಾರ್ಡ್ ಮತ್ತು ಅವನ ಸಹಾಯಕ ಜೊತೆಗೂಡಿದರು. ದಾರಿಯನ್ನು ಗಾರ್ಡ್ ಆಗಲೇ ಮುಚ್ಚಿಸಿದ್ದ. ಎರಡು ವರ್ಷದ ಹಿಂದೆ ಹಳೆಯ ದಾರಿಯ ಒಂದು ತುಂಡು ಕುಸಿದ ಮೇಲೆ ಅಲ್ಲಿಗಷ್ಟೇ ಹೊಸ ಸುತ್ತುದಾರಿ ಮಾಡಿದ್ದರು, ಮಿಕ್ಕಿದ್ದೆಲ್ಲ ಹಳೆಯದೇ. ಕವಲನ್ನು ತಾನು ಕೊನೆಯದಾಗಿ ನೋಡಿದ್ದು ಐದನೇ ತಾರೀಕು, ಆಗ ಗುಡ್ಡೆ ಬಲಕ್ಕೆ, ಸುತ್ತುದಾರಿಯ ಕಡೆಗಿತ್ತು, ಬೋರ್ಡೂ ಇತ್ತು ಎಂದು ಹೇಳಿಕೆ ಕೊಟ್ಟ.

ಎರಡು ದಿನ ಕಾಡು, ಕಲ್ಲುಬಂಡೆ, ಮೊಣಕಾಲುಮಟ್ಟದ ಹೊಳೆ. ಗುಡ್ಡೆಗಳೆಲ್ಲ ಇದ್ದಲ್ಲೇ ಇದ್ದವು. ಎರಡನೆಯ ದಿನ ಹೆಡ್ ಕಾನ್‌ಸ್ಟೇಬಲ್ ಬಿಸ್ಕತ್ತಿನ ಪೊಟ್ಟಣದೊಡನೆ ಮಾತ್ರ ಮಾತಾಡುತ್ತಿದ್ದ.

ಹದಿನೈದರ ಮಧ್ಯಾಹ್ನ 1.40ಕ್ಕೆ ಕವಲು ತಲುಪಿದರು. ಸೊಂಟದೆತ್ತರದ ಗುಡ್ಡೆ ಎಡದಾರಿಯ ಬಾಯಲ್ಲಿ ನಿಂತಿತ್ತು. ಕಲ್ಲುಗಳ ಪಾಚಿ ಬಿಸಿಲಿಗೆ ಮುಖ ಮಾಡದೆ ಒಳಗೂ ಅಡಿಗೂ ತಿರುಗಿತ್ತು. ಹೊಸದಾಗಿ ಜೋಡಿಸಿದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಗಾರ್ಡ್ ಮತ್ತು ಅವನ ಸಹಾಯಕ ಪಂಚರಾಗಿ ನಿಂತರು. ಪಂಚನಾಮೆ ಶುರುವಾಯಿತು.

"ಬಿಚ್ಚಿ," ಎಂದಳು.

ಎಲ್ಲಕ್ಕಿಂತ ಮೇಲಿನ ಚಪ್ಪಟೆ ಕಲ್ಲು ಎತ್ತಿದಾಗ ಅದರಡಿಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬಿಳಿಕಲ್ಲಿತ್ತು. ತಳದಲ್ಲಿ ಹಳದಿ ಬೋರ್ಡು ಬೋರಲಾಗಿ ಮಲಗಿತ್ತು.

"ಇದ್ಯಾಕೆ ಬಿಳಿಕಲ್ಲು?" ಗಾರ್ಡ್ ಕೇಳಿದ. "ನಾವು ಇಡಲ್ಲ ಇದನ್ನ."

ಯಾಕೆಂದು ಅವಳಿಗೆ ಗೊತ್ತಿತ್ತು. ಮೇಲಿನ ಕಲ್ಲು ಬಿದ್ದರೂ ಮಬ್ಬಿನಲ್ಲಿ ಬರುವವರಿಗೆ ಬಿಳಿ ಕಾಣಲಿ ಎಂದು. ಹಳೆಯ ತಂಡದವರಷ್ಟೇ ಹಾಗೆ ಕಟ್ಟುತ್ತಿದ್ದರು. ಆ ತಂಡದಲ್ಲಿ ಈಗ ಉಳಿದವರು ಇಬ್ಬರೇ: ಮೇಸ್ತ್ರಿ, ಮತ್ತು ಹೊಳೆಯಲ್ಲಿ ಬಿಳಿಕಲ್ಲು ಆರಿಸಿ ತರುತ್ತಿದ್ದ ಆ ಎಂಟು ವರ್ಷದ ಹುಡುಗಿ.

ಅವಳು ಕಲ್ಲನ್ನು ಚೀಲಕ್ಕೆ ಹಾಕಿ ಸೀಲ್ ಮಾಡಿಸಿದಳು. ವೈರ್‌ಲೆಸ್‌ನಲ್ಲಿ ಮೇಲಧಿಕಾರಿಗೆ ತಿಳಿಸಿದಳು: "ಸಂಶಯ ಯಾರ ಮೇಲಿದ್ಯೋ ಅವರು ನನಗೆ ಚಿಕ್ಕಂದಿನಿಂದ ಪರಿಚಯ. ಕೇಸನ್ನ ಬೇರೆಯವರಿಗೆ ಕೊಡೋದಾದ್ರೆ ಕೊಡಿ ಸರ್." ಹತ್ತು ನಿಮಿಷದ ಮೇಲೆ ಉತ್ತರ ಬಂತು. "ಇದನ್ನ ನೀನೇ ಬಾಯಿಬಿಟ್ಟು ಹೇಳಿದೀಯಲ್ಲ. ನೀನೇ ಮುಗಿಸು."

ಎಡದಾರಿಯಲ್ಲಿ ಒಂದು ಗಂಟೆ ಹತ್ತಿದರು. ಪಕ್ಕದಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ ದಾರಿಯನ್ನು ಹೊತ್ತು ನಿಂತಿತ್ತು. ಆಮೇಲೆ ಇದ್ದಕ್ಕಿದ್ದಂತೆ ದಾರಿ ಇರಲಿಲ್ಲ. ಆಳದಲ್ಲಿ ಕೊರಕಲು, ಟೆಂಟಿನ ಹರಿದ ಬಟ್ಟೆ. ಹೆಡ್ ಕಾನ್‌ಸ್ಟೇಬಲ್ ಅಂಚಿನ ಗೋಡೆಯನ್ನು ಬೂಟಿನಿಂದ ಒದ್ದು ನೋಡಿದ. ಮತ್ತೆ ಒದ್ದ.

"ಒಂದು ಕಲ್ಲೂ ಅಲ್ಲಾಡಲ್ವಲ್ಲ ಮೇಡಂ! ಯಾರು ಕಟ್ಟಿದ್ದು ಇದನ್ನ?"

"ನಮ್ಮಮ್ಮ," ಎಂದಳು ಅವಳು.

ಅವನು ಕಾಲು ಹಿಂದಕ್ಕೆಳೆದುಕೊಂಡ. ಬಗ್ಗಿ, ಒದ್ದ ಜಾಗದ ಮಣ್ಣನ್ನು ಕೈಯಿಂದ ಒರೆಸಿದ.

ಮರುದಿನ ಸುತ್ತುದಾರಿ ಬಳಸಿ ಬಂದು, ಹಳೆಯ ದಾರಿ ಮತ್ತೆ ಕೂಡುವ ಜಾಗದಿಂದ ಅವಳು ಕುಸಿತದ ಆಚೆಯ ಅಂಚಿನವರೆಗೂ ಹತ್ತಿದಳು. "ಅಳತೆ ಎರಡೂ ಕಡೆಯಿಂದ ಬೇಕು," ಎಂದಳು. ಹಗ್ಗ ಎಸೆದು ಅಳೆದರು: ನಲವತ್ತೊಂದು ಅಡಿ. ಅಳತೆಗೆ ಒಂದು ಕಡೆ ಸಾಕೆಂದು ಹೆಡ್ ಕಾನ್‌ಸ್ಟೇಬಲ್‌ಗೂ ಗೊತ್ತಿತ್ತು. ಆದರೂ ಅವನೇ ಹಗ್ಗ ಸುತ್ತಿಟ್ಟ.

ಹದಿನೇಳರ ಸಂಜೆ ದಡ ಸೇರಿದೊಡನೆ ದೋಣಿಯವನನ್ನು ವಿಚಾರಿಸಿದಳು.

"ಮೀನುಗಾರರ ಕೊಲ್ಲಿಗೆ ಯಾರನ್ನಾದ್ರೂ ಬಿಟ್ಟಿದ್ಯಾ?" ಆ ಕೊಲ್ಲಿಯಿಂದ ಕವಲಿಗೆ ಅರ್ಧ ದಿನದ ಏರುದಾರಿ.

"ಒಬ್ರನ್ನ. ಆರನೇ ತಾರೀಕು ಬಿಟ್ಟೆ, ಏಳನೇ ತಾರೀಕು ಕರ್ಕೊಂಡು ಬಂದೆ. ಮೇಸ್ತ್ರಿ."

"ಕೈಲಿ ಏನಿತ್ತು?"

"ಹಾರೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಊರುಗೋಲು ಅಂದ್ರು."

"ಹಾರೇನಾ?"

"ಮೇಸ್ತ್ರಿಗೆ ಎದುರು ಮಾತಾಡೋರು ಯಾರು ಮೇಡಂ?"

ಹದಿನೆಂಟು, ಬೆಳಿಗ್ಗೆ 9.10. ಕಲ್ಲುಕುಟಿಗರ ಅಂಗಳದ ಹಿಂದೆ ಒಂದೇ ಕೋಣೆಯ ಮನೆ. ಮಂಡಿಗಳಿಗೆ ಬಟ್ಟೆ ಸುತ್ತಿಕೊಂಡ ಎಪ್ಪತ್ತಾರರ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದರು. ಗೋಡೆಗೊರಗಿದ ಹಾರೆಯ ಮೊನೆಯಲ್ಲಿ ಹಳದಿ ಬಣ್ಣ ಅಂಟಿತ್ತು.

"ಅಲ್ಲಿ ಒಬ್ರು ಬಿದ್ದಿದ್ದು ಮೊನ್ನೆ ಕ್ಷೌರದ ಅಂಗಡೀಲಿ ಗೊತ್ತಾಯ್ತು. ಠಾಣೆಗೆ ಬಂದಿದ್ದೆ. ಮೇಡಂ ದ್ವೀಪಕ್ಕೆ ಹೋಗಿದಾರೆ, ಆಮೇಲೆ ಬನ್ನಿ ಅಂದ್ರು."

"ಗುರುತಿನ ಗುಡ್ಡೆ ಕದಲಿಸಿದ್ದು ಯಾರು?"

"ಮೊದಲು ಎಲ್ಲಿತ್ತೋ ಅಲ್ಲಿಟ್ಟೆ. ನಾನೇ."

"ಬೋರ್ಡಲ್ಲಿ ಗುಡ್ಡ ಕುಸಿದಿದೆ ಅಂತಿತ್ತು. ಓದಿದ್ರಾ?"

"ಓದ್ದೆ. ನಂಬ್ಲಿಲ್ಲ."

"ಯಾಕೆ?"

"ಹನ್ನೊಂದು ವರ್ಷ ಕಟ್ಟಿದೀವಿ. ಹೊಸ ನಕ್ಷೇಲಿ ಆ ತುಂಡಿಲ್ಲ. ದಾರಿ ಶುರುವಾಗೋ ಕಡೆ ಬಾಗಿಲ ಕಲ್ಲಲ್ಲಿದ್ದ ನಮ್ಮ ಹೆಸರುಗಳೂ ಹೋದ್ವು, ನಿಮ್ಮಮ್ಮಂದೂ. ನಮ್ಮನ್ನ ಅಳಿಸೋಕೆ ಒಂದು ನೆಪ ಅಂದ್ಕೊಂಡೆ."

"ಇನ್ನೊಂದು ಗಂಟೆ ಹತ್ತಿದ್ರೆ ಕಣ್ಣಾರೆ ಕಾಣ್ತಿತ್ತು."

"ಮಂಡಿ ಬಿಡ್ಲಿಲ್ಲ." ಆಮೇಲೆ ಕೇಳಿದರು, "ಆ ಹುಡುಗ ನಡೀತಾನಾ?"

"ನಡೀತಾರೆ. ಆರು ತಿಂಗಳು ಬೇಕಂತೆ."

"ತಪ್ಪು ನಂದು. ಅದನ್ನ ಸರಿಯಾಗಿ ಬರ್ಕೋ. ಮುದುಕ, ಮಂಡಿನೋವು ಅಂತೆಲ್ಲ ಸೇರಿಸ್ಬೇಡ."

9.35ಕ್ಕೆ ಕಾರಣ ತಿಳಿಸಿ ದಸ್ತಗಿರಿ ಮಾಡಲಾಯಿತು. ಹಾರೆ ಜಪ್ತಿಯಾಯಿತು. ಹೊರಡುವ ಮೊದಲು ಅವಳು ಆಸ್ಪತ್ರೆಗೆ ಫೋನ್ ಮಾಡಿ ನರ್ಸ್‌ಗೆ ಒಂದೇ ಮಾತು ಹೇಳಿದಳು: "ನೀವು ದಾರಿ ತಪ್ಪಿರಲಿಲ್ಲ." ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಬರೆದಳು: ಲಾಭವಿಲ್ಲ, ದ್ವೇಷವಿಲ್ಲ. ತಾನು ಕಟ್ಟಿದ್ದು ಬಿದ್ದಿದೆ ಎಂಬುದನ್ನು ಆರೋಪಿ ನಂಬಲಿಲ್ಲ.

ಜೀಪು ಹತ್ತುವಾಗ ಮೇಸ್ತ್ರಿ ನಿಂತರು. "ಗೋಡೆ?"

"ಗೋಡೆ ಬಿದ್ದಿಲ್ಲ ಮಾಮ. ಅಡಿಯಲ್ಲಿದ್ದ ಗುಡ್ಡ ಹೋಗಿದೆ. ಎರಡೂ ಅಂಚಲ್ಲಿ ನಿಮ್ಮ ಒಂದು ಕಲ್ಲೂ ಕದಲಿಲ್ಲ."

ಅವರು ಬೆನ್ನು ನೆಟ್ಟಗೆ ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಚಾಚಿದ ಕೈ ಹಿಡಿಯದೆ ತಾವೇ ಹತ್ತಿ ಕೂತರು.

"ಪೂರ್ತಿ ನಡೆದ್ಯಾ ಬಿಳಿಕಲ್ಲು?" ಎಂದರು. ಆ ಹೆಸರಿನಿಂದ ಅವಳನ್ನು ಕರೆಯುವವರು ಇನ್ಯಾರೂ ಉಳಿದಿರಲಿಲ್ಲ.

"ನಲವತ್ತೊಂದು ಅಡಿ ಬಿಟ್ಟು."

"ಹಾಗಾದ್ರೆ ಪೂರ್ತಿ ಅಲ್ಲ."

"ಅಲ್ಲ."

ಕೊಟ್ಟ ಮಾತು ನಲವತ್ತೊಂದು ಅಡಿಯಷ್ಟು ಮುರಿದಿತ್ತು.