ಮಂಗಳವಾರದ ಅಳಿಯ

ಮಗಳಿಗೆ ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಭುವನೇಶ್ವರಿ ಕೂದಲು ಪಾಲು ಮಾಡುತ್ತಿದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಬೈಕ್ ನಿಂತ ಸದ್ದು!

"ಅಪ್ಪ ಬಂದ!"

ಐದು ವರ್ಷದ ಶಿವಗಂಗಾ ಅವಳ ಕೈಯಿಂದ ಜಾರಿ ಓಡಿಬಿಟ್ಟಳು.

ಬಾಚಣಿಗೆ ಹಿಡಿದ ಕೈ ಹಾಗೆಯೇ ನಿಂತಿತು. ಎರಡು ತಿಂಗಳಿಂದ ಇತ್ತ ಮುಖ ಹಾಕದವನು ಇವತ್ತೇಕೆ ಬಂದ? ಅದೂ ಮತ್ತೆ ಮಂಗಳವಾರ...

"ಬರ್ರಿ ಅಳಿಯಂದ್ರ, ಕುಂದ್ರಿ." ತಾಯಿ ರತ್ನಾಬಾಯಿಯ ದನಿಯಲ್ಲಿ ಮರ್ಯಾದೆ ಇತ್ತು, ಅಕ್ಕರೆ ಇರಲಿಲ್ಲ. "ವಾರ ನೋಡ್ಕೊಂಡೇ ಬಂದೀರಿ ಮತ್ತ!"

ಸಂಗಮೇಶ್ವರ ತಲೆ ತಗ್ಗಿಸಿದ. "ಕರಿಲಿಕ್ಕ ಬಂದಿಲ್ರೀ ಅತ್ತಿ. ಗಂಗಾನ್ನ ಹೊಳಿ ಕಡಿ ಕರಕೊಂಡು ಹೋಗಿ ಸಂಜಿಗಿ ತಂದು ಬಿಡ್ತೀನಿ."

ಕರೆಯಲು ಬಂದಿಲ್ಲ! ಒಳಗೆ ನಿಂತಿದ್ದ ಭುವನೇಶ್ವರಿಯ ಎದೆಗೆ ಆ ಮಾತು ಚುಚ್ಚಿತು.

ನಾಗರ ಪಂಚಮಿಗೆಂದು ಆಡಕಿಯ ತವರಿಗೆ ಬಂದವಳು ಅವಳು. ಹಬ್ಬ ಮುಗಿದ ಮೇಲೆ ಗಂಡ ವಾಡಿಯಿಂದ ಕರೆಯಲು ಬಂದಿದ್ದ. ಅವತ್ತು ಮಂಗಳವಾರ. ಆ ದಿನ ಮಗಳನ್ನು ಗಂಡನ ಮನೆಗೆ ಕಳಿಸುವ ಪದ್ಧತಿ ಈ ಮನೆಯಲ್ಲಿಲ್ಲ. 'ನಾಳಿ ಬರ್ರಿ' ಎಂದಿದ್ದಳು ರತ್ನಾಬಾಯಿ. ನಾಳೆ ಅವನು ಬರಲಿಲ್ಲ. ಬಂದದ್ದು ಮತ್ತೊಂದು ಮಂಗಳವಾರ. ಆಮೇಲೆ ಇನ್ನೊಂದು ಮಂಗಳವಾರ... ಕೊನೆಗೆ ಬರುವುದೇ ನಿಂತಿತು. ಓಣಿಯವರು 'ಮಂಗಳವಾರದ ಅಳಿಯ' ಎಂದು ನಗತೊಡಗಿದರು.

"ಬೇಕಂತಲೇ ಬರ್ತಾನ," ಎಂದು ಅಣ್ಣ ಅಂಬರಾಯ ಹಲ್ಲು ಕಡಿದಿದ್ದ. "ಕರಿದಂಗೂ ಆತು, ಕರಕೊಂಡು ಹೋಗದಂಗೂ ಆತು!"

ಬರುವ ಸೋಮವಾರ ಹಿರಿಯರನ್ನು ಕೂಡಿಸಿ ಸಂಬಂಧ ಬಿಡಿಸಿಕೊಳ್ಳುವುದೆಂದು ಅವನು ತೀರ್ಮಾನಿಸಿಯೂ ಆಗಿತ್ತು. ಅಂದರೆ... ಅದಕ್ಕೆ ಮುಂಚೆ ಗಂಡನ ಜೊತೆ ಉಳಿದಿರುವುದು ಈ ಒಂದು ದಿನ!

"ನಾನೂ ಬರ್ತೀನಿ. ಕೂಸು ನನ್ನ ಬಿಟ್ಟು ಇರಲ್ಲ," ಎಂದು ಭುವನೇಶ್ವರಿ ಹೊಸ್ತಿಲು ದಾಟಿದಳು.

ಕಾಗಿಣಾ ಹೊಳೆಯ ದಂಡೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಪುಷ್ಯ ಮಾಸ... ಬೆಳಗು ಸಂಜೆ ಹೊದಿಕೆ ಬೇಡುವ ದಿನಗಳು. ಆದರೆ ಇವತ್ತು ದಂಡೆಯ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಅಜ್ಜಿ ತೊಡಿಸಿದ ಉಣ್ಣೆಯ ಸ್ವೆಟರಿನಲ್ಲೇ ಶಿವಗಂಗಾ ನೀರಿನಂಚಿನಲ್ಲಿ ಓಡಾಡುತ್ತಿದ್ದಳು.

ಆಗಾಗ ಅಪ್ಪನ ಹತ್ತಿರ ಬಂದು ಬಾಯಿ ತೆರೆಯುತ್ತಾಳೆ... ಅವ್ವನ ಮುಖ ನೋಡಿ ಮುಚ್ಚುತ್ತಾಳೆ.

"ಏನಮ್ಮಾ?"

"ಏನಿಲ್ಲಪ್ಪಾ... ಮೀನ ನೋಡ್ದಿ?"

ಮಗಳ ನಾಲಿಗೆಯ ತುದಿಯಲ್ಲಿ ಏನೋ ಇದೆ. ಭುವನೇಶ್ವರಿಗೆ ಅದು ಗೊತ್ತಾಗುತ್ತಿತ್ತು. 'ನಮ್ಮನ್ನು ಯಾವಾಗ ಕರೆದೊಯ್ಯುತ್ತೀ' ಎಂದು ಕೇಳಿದರೆ? ಅವನು ಉತ್ತರ ಕೊಡದೇ ಹೋದರೆ?

"ಸ್ವೆಟರ್ ತಗೀಲೇನು? ಕೂಸು ಬೆವತು ತೊಯ್ದಾಳ," ಎಂದ ಸಂಗಮೇಶ್ವರ.

"ಬ್ಯಾಡ್ರಿ. ನೆಗಡಿ ಆದ್ರ ರಾತ್ರೆಲ್ಲಾ ಎಚ್ಚರಿರೋಳು ನಾನು. ನೀವೇನು, ಸಂಜಿಗಿ ಬೈಕ್ ಹತ್ತಿ ಹೋಗ್ತೀರಿ!"

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಶಿವಗಂಗಾ ಮೆಲ್ಲಗೆ ನಡೆದು ಬಂದಳು. "ಅವ್ವಾ... ತಲಿ ತಿರಗಾಕತ್ತದ."

ಮೂಗಿನಿಂದ ರಕ್ತ! ಸ್ವೆಟರಿನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಯ್ಯೋ ಗಂಗಾ!" ಭುವನೇಶ್ವರಿ ಸೆರಗಿನಿಂದ ರಕ್ತ ಒರೆಸಿದಳು.

ಸಂಗಮೇಶ್ವರ ಮಗಳನ್ನು ಎತ್ತಿಕೊಂಡು ಜಾಲಿ ಗಿಡದ ನೆರಳಿಗೆ ಓಡಿದ. ಸ್ವೆಟರ್ ಕಳಚಿದ. ಮಗಳ ತಲೆ ಮುಂದಕ್ಕೆ ಬಾಗಿಸಿ ಮೂಗು ಒತ್ತಿ ಹಿಡಿದ. "ಟವೆಲ್ ನೀರಾಗ ಅದ್ದಿ ತಾ, ಜಲ್ದಿ!"

ಅವಳು ಓಡಿದಳು, ಒದ್ದೆ ಟವೆಲ್ ತಂದಳು. ಇಬ್ಬರ ಕೈಗಳೂ ಮಗಳ ನೆತ್ತಿಯ ಮೇಲೆ.

ರಕ್ತ ನಿಂತಿತು. ಶಿವಗಂಗಾ ನೀರು ಕುಡಿದು ಅವ್ವನ ತೊಡೆಯ ಮೇಲೆ ಕಣ್ಣು ಮುಚ್ಚಿದಳು.

ಆಗ ಭುವನೇಶ್ವರಿಗೆ ಅಳು ಒತ್ತರಿಸಿ ಬಂತು. "ತಪ್ಪು ನಂದೇ. ಬಿಸಿಲು ಅಂತ ಗೊತ್ತಿದ್ರೂ ನಿಮ್ಮ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲ ಹಾಕ್ದೆ. ಆದ್ರ ನೀವರೇ ಯಾಕ ಹಂಗ ಮಾಡಿದ್ರಿ? ಕಳಸಲ್ಲ ಅಂತ ಗೊತ್ತಿದ್ದೂ ಮಂಗಳವಾರನೇ ಯಾಕ ಬರ್ತಿದ್ರಿ?"

"ನನಗ ರಜಾ ಇರೋದೇ ಮಂಗಳವಾರ, ಭುವನಾ!"

"ಸುಳ್ಳ! ನಿಮಗ ಐತವಾರ ರಜಾ."

"ಅದು ಮೊದಲು. ಪಂಚಮಿ ಆದ ಮ್ಯಾಲ ಫ್ಯಾಕ್ಟರ್‍ಯಾಗ ಡ್ಯೂಟಿ ಬದಲಾತು. ನೌಕರಿ ಕಾಯಂ ಆಗೋ ತನಕ ಬ್ಯಾರೆ ರಜಾ ಕೇಳೋ ಧೈರ್ಯ ಇರಲಿಲ್ಲ. ಫೋನ್ ಮಾಡಿದ್ರ 'ಗಂಗಾಗ ಕೊಡ್ತೀನಿ' ಅಂದು ನೀ ಹೋಗಿಬಿಡ್ತಿದ್ದಿ. ನೌಕರಿ ಕಾಯಂ ಇಲ್ಲಂತ ನಿಮ್ಮವ್ವನ ಮುಂದ ಹ್ಯಾಂಗ ಹೇಳ್ಲಿ?" ಅವನು ಒದ್ದೆ ಟವೆಲ್ ಹಿಂಡಿದ. "ಪ್ರತಿ ಸಲ ಹೊಳ್ಳಿ ಕಳಿಸ್ದಾಗ... ವಾರ ಬರೇ ನೆಪ, ನಿನಗ ಬರಾಕ ಮನಸಿಲ್ಲ ಅನ್ಕೊಂಡೆ."

ಭುವನೇಶ್ವರಿ ದಿಗ್ಭ್ರಮೆಯಿಂದ ಅವನನ್ನೇ ನೋಡಿದಳು. ಇಷ್ಟೇನಾ? ಇಷ್ಟಕ್ಕೇ ತಿಂಗಳುಗಟ್ಟಲೆ ದಿಂಬು ತೋಯಿಸಿದೆನಾ?

"ಅವ್ವಗ ಕೇಳಿದ್ರಿ, ಅಣ್ಣಗ ಕೇಳಿದ್ರಿ," ಎಂದಳು ಮೆಲ್ಲಗೆ. "ನಾ ಬಾಗಿಲ ಹಿಂದೇ ನಿಂತಿರ್ತಿದ್ದೆ. ಒಂದ್ಸಲ, ಒಂದೇ ಸಲ ನನ್ನ ಮಾರಿ ನೋಡಿ ಕೇಳಿದ್ರೇನು? ಕೇಳಿದ್ರ ಮಂಗಳವಾರನೂ ಬರ್ತಿದ್ದೆ!"

ಹೊಳೆಯ ಕಡೆಯಿಂದ ಬಿಸಿ ಗಾಳಿ ಬೀಸಿತು. ಸಂಗಮೇಶ್ವರ ಅವಳ ಮುಖವನ್ನೇ ನೋಡಿದ.

"ಈಗ ಕೇಳ್ತೀನಿ. ನೀವಿಬ್ರೂ ಇಲ್ಲದ ಮನ್ಯಾಗ ನನಗ ಅನ್ನ ಸೇರವಲ್ದು. ಬರ್ತಿ ಏನು, ಭುವನಾ?"

"ಅಣ್ಣ ಕೂಗ್ಯಾಡ್ತಾನ..."

"ಕೂಗ್ಯಾಡ್ಲಿ. ಎದುರಿಗಿ ನಿಂತು ನಾ ಎಲ್ಲಾ ಹೇಳ್ತೀನಿ. ನೀ ಏನಂತಿ, ಅದನ್ನ ಹೇಳು."

"ಸೀರಿ-ಅರಬಿ ಗಂಟು ಕಟ್ಟೋ ತನಕ ಅಂಗಳದಾಗ ಕುಂದರ್ತೀರಿ?"

"ಎಷ್ಟೊತ್ತಾದ್ರೂ ಕುಂದರ್ತೀನಿ. ಇವತ್ತ ಮಂಗಳವಾರ ಮತ್ತ, ನೋಡು!"

"ಇರ್ಲಿ ಬಿಡ್ರಿ. ಮಂಗಳವಾರದ ಅಳಿಯನ್ನ ಕಟ್ಕೊಂಡೀನಲ್ಲ!"

ಅವನು ನಕ್ಕ. ಅವಳೂ ಅಳುತ್ತಲೇ ನಕ್ಕಳು. ಅವನ ಒದ್ದೆ ಕೈ ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು.

ತೊಡೆಯ ಮೇಲಿದ್ದ ಶಿವಗಂಗಾ ಕಣ್ಣು ಬಿಟ್ಟಳು. ನಿದ್ದೆ ಮಾಡಿರಲೇ ಇಲ್ಲ ಅವಳು! ಕೂಡಿದ ಆ ಕೈಗಳನ್ನು ನೋಡಿದಳು, ಅಪ್ಪನನ್ನು, ಅವ್ವನನ್ನು ನೋಡಿದಳು. ಬೆಳಗಿನಿಂದ ಬಾಯಿಯೊಳಗೇ ಉಳಿದಿದ್ದ ಮಾತು ಕೊನೆಗೂ ಹೊರಬಂತು.

"ಹಂಗಾರ ಅವ್ವಾ... ಸೋಮವಾರ ಹಿರ್‍ಯಾರು ಕೇಳ್ತಾರಂತ ಮಾಮ ಹೇಳ್ಯಾನ, ನಾ ಯಾರ ಕೂಡ ಇರ್ತೀನಿ ಅಂತ ಹೇಳ್ಬೇಕು?"