ಆಸ್ಟ್ರೇಲಿಯಾದಿಂದ ಮರಳಿದ ಸೀರೆಗಳು

2007ರ ಅಕ್ಟೋಬರ್ 8, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಸೀರೆ ವ್ಯಾಪಾರಿ ವೀರೇಶ ಇಳಕಲ್ಲ ಪೊಲೀಸ್ ಠಾಣೆಗೆ ಬಂದ. ಇಂಟರ್‌ನೆಟ್ಟಿನಲ್ಲಿ ಪರದೇಶದವರಿಗೆ ಇಳಕಲ್ಲ ಸೀರೆ ಮಾರುವುದು ಅವನ ವ್ಯವಹಾರ. ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿಯಿತ್ತು. ಅದರ ಮೇಲೆ ಆಸ್ಟ್ರೇಲಿಯಾ ತಪಾಸಣಾ ಅಧಿಕಾರಿಗಳ ಹಳದಿ ಪಟ್ಟಿ ಅಂಟಿತ್ತು.

"ಇಂಥವು ಒಂಬತ್ತು ವಾಪಸ್ ಬಂದಾವ್ರಿ ಸಾಹೇಬ್ರ. ಸೀರಿ ಮಡಿಕ್ಯಾಗ ಯಾರೋ ಕಾಳು ಇಡಾಕತ್ತಾರ."

"ಕಾಳು ಇಟ್ರ ಏನಾತು?" ಪಿಎಸ್‌ಐ ಅಮರಪ್ಪ ಹೊಸಮನಿ ಕೇಳಿದ.

"ಆ ದೇಶದಾಗ ಹೊರಗಿನ ಬೀಜ ಒಳಗ ಬಿಡಂಗಿಲ್ರಿ."

ಡಬ್ಬಿಯಲ್ಲಿ ಕಾಳು ಸಿಕ್ಕರೆ ಕೊಂಡವರಿಗೆ ನೋಟಿಸು ಹೋಗುತ್ತದೆ: ಸ್ವಚ್ಛ ಮಾಡಿಸುವ ಖರ್ಚು ಕೊಡಿ, ಇಲ್ಲವೇ ಸುಡಲು ಬಿಡಿ, ಇಲ್ಲವೇ ವಾಪಸು ಕಳಿಸಿ. ಕೊಂಡವರೆಲ್ಲ ವಾಪಸು ಕಳಿಸಿ ಎಂದಿದ್ದರು. ಅವರ ಹಣ ಮರಳಿಸಿ, ಹೋಗಿಬರುವ ಸಾಗಣೆಯ ಖರ್ಚನ್ನೂ ವೀರೇಶನೇ ಕಟ್ಟಿದ್ದ. ಅದು ಸಾಲದೆಂಬಂತೆ ಮುಂಬೈಯಲ್ಲಿ ಕಸ್ಟಮ್ಸ್‌ನವರು ಅವನ ಸೀರೆಗೆ ಅವನಿಂದಲೇ ಆಮದು ಸುಂಕ ವಸೂಲಿ ಮಾಡಿದ್ದರು.

"ಹೋದ ಮಾಲ ತಿರುಗಿ ಬಂದೈತಿ ಅಂತ ತೋರಿಸಿದ್ರ ಸುಂಕ ಬಿಡಂಗಿಲ್ಲೇನು?"

ವೀರೇಶ ತಡವರಿಸಿದ. "ಕೊಳ್ಳಾವ್ರಿಗೆ ಅಲ್ಲಿ ಟ್ಯಾಕ್ಸ್ ಬೀಳಬಾರದು ಅಂತ ಡಬ್ಬಿ ಮ್ಯಾಲೆ ‘ಉಡುಗೊರೆ’ ಅಂತ ಬರದು, ಕಿಮ್ಮತ್ತು ಕಡಿಮಿ ಹಾಕಿರತೇನ್ರಿ. ಹಂಗಾಗಿ ಪುರಾವೆ ಇಲ್ಲ."

"ಅಂದ್ರ ಸುಳ್ಳು ಬರದೀರಿ."

"ಎಲ್ಲಾರೂ ಬರೀತಾರ್ರಿ."

ಇಷ್ಟು ಮಾಲು ವಾಪಸಾದದ್ದಕ್ಕೆ, ಗಿರಾಕಿಗಳ ಕ್ರೆಡಿಟ್ ಕಾರ್ಡಿನಿಂದ ಹಣ ವಸೂಲಿ ಮಾಡಿಕೊಡುವ ಕಂಪನಿ ಅವನಿಗೆ ಕೊನೆಯ ಎಚ್ಚರಿಕೆ ಕೊಟ್ಟಿತ್ತು. ಮೆಲ್ಬರ್ನ್‌ನ ಕನ್ನಡ ಕುಟುಂಬಗಳು ದೀಪಾವಳಿಗೆಂದು ಹನ್ನೆರಡು ಸೀರೆ ತರಿಸಿಕೊಳ್ಳುತ್ತಿದ್ದವು. ಅವು ಬುಧವಾರ ಹೊರಡಬೇಕು. ಅವೂ ಮುಟ್ಟದಿದ್ದರೆ ಖಾತೆ ಬಂದ್. ಖಾತೆ ಬಂದಾದರೆ ಅಂಗಡಿಯೇ ಬಂದ್.

"ಯಾರ ಮ್ಯಾಲೆ ಸಂಶಯ?"

"ಕಾಸಿಂಬಿ. ಮಡಿಕಿ ಹಾಕಾಕಿ ಅಕಿನ. ಒದ್ದು ಒಳಗ ಹಾಕ್ರಿ ಸಾಹೇಬ್ರ. ಅಕಿ ಕಣ್ಣೀರು ನಾ ನೋಡಬೇಕು."

ಕೆಲಸದವರ ನಂಬಿಕೆದ್ರೋಹ ಮತ್ತು ಮಾಲಿಗೆ ನಷ್ಟವೆಂದು ಭಾರತೀಯ ದಂಡ ಸಂಹಿತೆಯ ಕಲಂ 408 ಮತ್ತು 427ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಅಂಕಣದಲ್ಲಿ ಅಮರಪ್ಪ ‘ಅಪರಿಚಿತರು’ ಎಂದೇ ಬರೆಸಿದ.

ಮಧ್ಯಾಹ್ನ ಇಬ್ಬರು ಪಂಚರ ಎದುರು ಡಬ್ಬಿ ಬಿಚ್ಚಿ ಪಂಚನಾಮೆ ಮಾಡಲಾಯಿತು. ಕೆಂಪು ಸೆರಗಿನ ಒಳಮಡಿಕೆಯಲ್ಲಿ ಒಂದು ಹಿಡಿ ಬಿಳಿಜೋಳ ಇತ್ತು.

"ಉಡಿ ತುಂಬ್ಯಾರ ನೋಡ್ರಿ," ಎಂದ ಹೆಡ್ ಕಾನ್‌ಸ್ಟೇಬಲ್ ಶಾಬುದ್ದೀನ.

ಮಹಿಳಾ ಪೇದೆ ಮಾದೇವಿ ನಕ್ಕಳು. "ಯಾವ ಊರಾಗ ಹಿಂಗ ತುಂಬತಾರ್ರಿ, ಶಾಬುದ್ದೀನ ಕಾಕಾ? ಅಕ್ಕಿ ಇಲ್ಲ, ಅರಿಷಿಣ ಇಲ್ಲ, ಕೊಬ್ಬರಿ ಬಟ್ಟಲ ಇಲ್ಲ. ಉಡಿ ತುಂಬಾಕಿ ಎದುರಿಗೆ ಕಾಣೂವಂಗ ಇಡತಾಳ. ಇದನ್ನ ಮುಚ್ಚಿ ಇಟ್ಟಾರ."

ಕಾಸಿಂಬಿಯನ್ನು ಅಮರಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲೇ ಪ್ರಶ್ನಿಸಿದ. ಐವತ್ತರ ಹೆಂಗಸು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಜ್ವಾಳಾ ನೀ ಇಟ್ಟಿಯೇನು?"

"ಜ್ವಾಳದ ರೇಟ್ ಗೊತ್ತೈತೇನ್ರಿ ನಿಮಗ? ರೊಟ್ಟಿಗೆ ಸಾಲವಲ್ದು, ಸೀರಿಗೆ ಇಡ್ಲೇನು?"

"ಅಮೇರಿಕಾಕ್ಕ ಹೋದ ಡಬ್ಬ್ಯಾಗ ಕಾಳಿಲ್ಲ, ಲಂಡನ್ನಿಗೆ ಹೋದದ್ರಾಗೂ ಇಲ್ಲ. ಒಂಬತ್ತಕ್ಕ ಒಂಬತ್ತೂ ಆಸ್ಟ್ರೇಲಿಯಾದ್ದ."

"ಅದ್ಯಾವ ದಿಕ್ಕಿಗೆ ಐತಿ ಅನ್ನೂದ ನನಗ ಗೊತ್ತಿಲ್ರಿ ಸಾಹೇಬ್ರ. ನಾ ಮಡಿಸಿ ಡಬ್ಬ್ಯಾಗ ಇಡತೇನಿ. ಯಾವ ಡಬ್ಬಿ ಎಲ್ಲಿಗೆ ಹೊಕ್ಕೈತಿ ಅನ್ನೂದು ಆಮ್ಯಾಲಿಂದು. ಚೀಟಿ ಹಚ್ಚಿ ಬಾಯಿ ಮುಚ್ಚೂದು ಆ ಕಂಪ್ಯೂಟರ್ ಹುಡುಗಿ."

ಅಮರಪ್ಪ ಹೊರಗೆ ಬಂದು ವೀರೇಶನನ್ನು ಕರೆದ. "ಈ ಒಂಬತ್ತಕ್ಕಿಂತ ಮೊದಲ ಯಾವದರ ವಾಪಸ್ ಬಂದಿತ್ತೇನು?"

"ಜೂನ್‌ದಾಗ ಆಸ್ಟ್ರೇಲಿಯಾದಿಂದನ ಒಂದು ಬಂದಿತ್ರಿ. ಆವಾಗ ಮಡಿಕಿ ಹಾಕಾಕಿ ಸಕ್ರವ್ವ ಅಂತ ಇದ್ಲು. ಮದುವಿ ಸೀರಿ ಅಂತ ಹೇಳಿದ್ದಕ್ಕ ಉಡಿ ಅಕ್ಕಿ ಇಟ್ಟು ಕಳಿಸಿಬಿಟ್ಟಿದ್ಲು. ಕೆಲಸ ಬಿಡಿಸಿದ್ನಿ. ಅದು ಮುಗದ ಹೋತು."

"ಡಬ್ಬಿ ಜೋಡಿ ಬಂದ ಆಸ್ಟ್ರೇಲಿಯಾದ ನೋಟಿಸು ನಿಮಗ ಓದಿ ಹೇಳಿದಾವ್ರು ಯಾರು?"

"ಚೇತನಾ. ಕಂಪ್ಯೂಟರ್ ಮ್ಯಾಲೆ ಕೂಡತಾಳಲ್ರಿ, ಅಕಿ. ಸಕ್ರವ್ವನ ಮಗಳು."

ಅಮರಪ್ಪ ಅವನ ಮುಖವನ್ನೇ ನೋಡಿದ. "ಇದನ್ನ ದೂರಿನ್ಯಾಗ ಹೇಳಲಿಲ್ಲ ನೀವು."

"ಅಕಿ ಹಂಗಲ್ರಿ. ಸಾಲಿ ಕಲ್ತಾಕಿ. ತಾಯಿನ್ನ ತೆಗದ ಮರುದಿನಾನ ಸುಮ್ಮನ ಕೆಲಸಕ್ಕ ಬಂದ್ಲು."

ಮಂಗಳವಾರ ಮಾದೇವಿ ಹೊಸದಾಗಿ ಸೇರಿದ ಕೆಲಸದವಳಂತೆ ಕಾಸಿಂಬಿಯ ಪಕ್ಕ ಕುಳಿತು ಹನ್ನೆರಡು ಸೀರೆಗಳನ್ನೂ ಕೊಡವಿ ನೋಡಿದಳು. ಒಂದು ಕಾಳೂ ಇರಲಿಲ್ಲ. ಸಂಜೆ ಡಬ್ಬಿಗಳು ಚೇತನಾಳ ಮೇಜಿಗೆ ಹೋದವು. ಬುಧವಾರ ಬೆಳಿಗ್ಗೆ ಅವು ಬಾಗಲಕೋಟೆ ನವನಗರದ ಕೊರಿಯರ್ ಕಚೇರಿ ಮುಟ್ಟುವ ಹೊತ್ತಿಗೆ ಅಮರಪ್ಪ ಪಂಚರೊಂದಿಗೆ ಅಲ್ಲಿದ್ದ. ಹನ್ನೆರಡನ್ನೂ ಬಿಚ್ಚಿಸಿದ. ಹನ್ನೆರಡರ ಸೆರಗಿನಲ್ಲೂ ಜೋಳ ಇತ್ತು. ಸೀರೆ, ಡಬ್ಬಿ, ಕಾಳು ಎಲ್ಲವನ್ನೂ ಜಪ್ತಿ ಮಾಡಿ ಅರಗಿನ ಮುದ್ರೆ ಒತ್ತಿದರು.

ಮಧ್ಯಾಹ್ನ ಎರಡು ಗಂಟೆಗೆ ಮಾದೇವಿ ಅಂಗಡಿಯಲ್ಲೇ ಚೇತನಾಳನ್ನು ಬಂಧಿಸಿದಳು. ಇಪ್ಪತ್ತಮೂರರ ಹುಡುಗಿ ಕಂಪ್ಯೂಟರ್ ಆರಿಸಿ, ಕುರ್ಚಿ ಒಳಗೆ ತಳ್ಳಿ ಎದ್ದಳು.

ಠಾಣೆಯಲ್ಲಿ ಅಮರಪ್ಪ ಕೇಳಿದ. "ಅಕ್ಕಿ ಬಿಟ್ಟು ಜ್ವಾಳಾ ಯಾಕ?"

"ನೋಟಿಸಿನ್ಯಾಗ ಬರದಿದ್ರು, ಮೊಳಕಿ ಒಡಿಯೂ ಬೀಜಕ್ಕ ಭಾಳ ಹೆದರತಾರಂತ. ಅಕ್ಕಿ ಮೊಳಕಿ ಒಡಿಯಂಗಿಲ್ಲ."

"ಅವ್ವನ್ನ ಕೆಲಸಾ ಬಿಡಿಸಿದ್ದಕ್ಕ ಇಷ್ಟು ಸಿಟ್ಟೇನು?"

"ಕೆಲಸಾ ಹೋದ್ರ ಇನ್ನೊಂದು ಸಿಗತಿತ್ರಿ. ವೀರೇಶ ವಾಪಸ್ ಬಂದ ಉಡಿ ಅಕ್ಕಿನ್ನ ಗಿರಾಕಿಗಳ ಎದುರಿಗೆ ನೆಲಕ್ಕ ಚೆಲ್ಲಿ, ‘ನೀ ಇಟ್ಟದ್ದು ನೀನ ತಿನ್ನು’ ಅಂದ. ನಮ್ಮವ್ವ ಮೊಣಕಾಲೂರಿ ಆರಿಸಿ ಆರಿಸಿ ತಿಂದ್ಲು, ಹಸಿ ಅಕ್ಕಿ. ಎಲ್ಲಾರೂ ನಕ್ಕರು. ನಾ ಅಲ್ಲೇ ಕುಂತು ನೋಟಿಸಿನ ಮುಂದಿನ ಸಾಲು ಓದಿ ಹೇಳಾಕತ್ತಿದ್ನಿ."

"ನಿನ್ನೆ ಬಂದಾಕಿ ಪೊಲೀಸ್ ಅಂತ ಗೊತ್ತಾಗಲಿಲ್ಲೇನು?"

"ಬೂಟು ನೋಡಿನ್ರಿ."

"ಗೊತ್ತಿದ್ದೂ ಇಟ್ಟಿ?"

ಚೇತನಾ ಉತ್ತರಿಸುವ ಮೊದಲು ವೀರೇಶ ಒಳಗೆ ನುಗ್ಗಿದ. ಆಕೆಯತ್ತ ನೋಡಲೂ ಇಲ್ಲ.

"ಸಾಹೇಬ್ರ, ಕಳ್ಳಿ ಸಿಕ್ಕಳಲ್ಲ, ನನ್ನ ಸೀರಿ ಕೊಡ್ರಿ. ಕಾಳು ಕೊಡವಿ ಇವತ್ತ ಕಳಸತೇನಿ. ಇನ್ನೂ ಟೈಮ್ ಐತಿ."

"ಅವು ಜಪ್ತಿ ಮಾಲ. ಹುನಗುಂದ ಕೋರ್ಟಿಗೆ ಅರ್ಜಿ ಹಾಕ್ರಿ."

"ಎಷ್ಟು ದಿನಾ ಹಿಡೀತೈತ್ರಿ?"

"ದೀಪಾವಳಿ ದಾಟತೈತಿ," ಎನ್ನುವಾಗ ಅಮರಪ್ಪನಿಗೆ ತಾನು ಚೇತನಾಳನ್ನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು.

ವೀರೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೂಡಲು ಯಾರೂ ಹೇಳಲಿಲ್ಲ. ಆಗ ಮೊದಲ ಸಲ ಚೇತನಾ ಅವನ ಕಡೆ ತಿರುಗಿ, ಅವನು ಕಣ್ಣು ಕೆಳಗೆ ಮಾಡುವತನಕ ನೋಡಿದಳು.

ಮರುದಿನ ಆಕೆಯನ್ನು ಹುನಗುಂದ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಹೊರಡುವ ಮುನ್ನ ಅಮರಪ್ಪ ಸಕ್ರವ್ವನ ಮನೆಗೆ ಹೋಗಿ, ಜೂನ್‌ನಲ್ಲಿ ನಡೆದದ್ದರ ಬಗ್ಗೆ ದೂರು ಕೊಡುವಿರಾ ಎಂದು ಕೇಳಿದ್ದ. ಆಕೆ ಬೇಡ ಎಂದಳು. ಮಗಳಿಗೆ ಜಾಮೀನು ಯಾವಾಗ ಸಿಗುತ್ತದೆ ಎಂದಷ್ಟೇ ಕೇಳಿದಳು. ಆ ವಾರವೇ ಕಾರ್ಡಿನ ಕಂಪನಿ ವೀರೇಶನ ಖಾತೆ ಮುಚ್ಚಿತು.