ಮ್ಯಾಪಿನಲ್ಲಿ ಇಲ್ಲದ ಇಳಿಜಾರು

"ಅಯ್ಯೋ! ರಸ್ತೆ ನಮ್ಮ ಇಳಿಜಾರಿನ ಮೇಲೇ ಬರ್ತಿದೆ ಕಣೋ!"

ಸುನ್ನಿವಾ ಗೆಳೆಯ ಐವಿಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಕೈಯಲ್ಲಿದ್ದ ವಾಫಲ್‌ನಿಂದ ಜಾಮ್ ತೊಟ್ಟಿಕ್ಕಿ ಪ್ಯಾಂಟಿನ ಮೇಲೆ ಬಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಶಾಲೆಯ ಜಿಮ್‌ನಲ್ಲಿ ಸಭೆ ನಡೆಯುತ್ತಿತ್ತು. ಊರಿಗೆ ಹೊಸ ಶಾಲೆ ಬರಲಿದೆ. ಶಾಲೆ ಬಂದಮೇಲೆ ಅದಕ್ಕೊಂದು ರಸ್ತೆಯೂ ಬೇಕಲ್ಲ! ಅದಕ್ಕಾಗಿ ಬೀದಿಯವರೆಲ್ಲ ಸೇರಿ ಕಾಫಿ ಕುಡಿಯುತ್ತ, ವಾಫಲ್ ತಿನ್ನುತ್ತ, ಹೊಟ್ಟೆ ತುಂಬ ತಕರಾರು ಮಾಡುತ್ತಿದ್ದರು. ಒಬ್ಬರಿಗೆ ಬಸ್ಸಿನ ಚಿಂತೆ, ಇನ್ನೊಬ್ಬರಿಗೆ ಪಾರ್ಕಿಂಗ್ ಚಿಂತೆ. ಎಲ್ಲರಿಗಿಂತ ದೊಡ್ಡ ಗಂಟಲು ಗುಡ್ಡದ ಪಕ್ಕದ ಮನೆಯ ಮುದುಕ ಟೋರ್ಮೂಡ್ ಅವರದು.

"ಬೆಳಿಗ್ಗೆ ಎಂಟಕ್ಕೆ ಇನ್ನೂರು ಕಾರು! ನನ್ನ ಗೇಟಿನ ಮುಂದೆ ಒಂದು ಬಂದ್ರೂ ನಾನು ಸುಮ್ನಿರಲ್ಲ!"

"ನಿಮ್ಮ ಗೇಟಿನ ಹತ್ರ ರಸ್ತೆ ಬರೋದೇ ಇಲ್ಲ," ಎಂದು ಪುರಸಭೆಯ ರಾಗ್ನ್‌ಹಿಲ್ಡ್ ಗೋಡೆಯ ಮೇಲಿನ ಮ್ಯಾಪ್ ತೋರಿಸಿದರು. "ಇಗೋ, ಈ ಕೆಂಪು ಗೆರೆ ನೋಡಿ, ಗುಡ್ಡದ ಮೇಲೆ ಹೋಗುತ್ತೆ. ವಸಂತದಲ್ಲಿ ಶಾಲೆ ಮಕ್ಕಳೆಲ್ಲ ತಾವು ಆಡೋ ಜಾಗಗಳನ್ನ ಮ್ಯಾಪಿನಲ್ಲಿ ಗುರುತು ಮಾಡಿ ನಮಗೆ ಕೊಟ್ಟಿದ್ರು. ಈ ಗುಡ್ಡದ ಮೇಲೆ ಒಂದು ಚುಕ್ಕೆನೂ ಇಲ್ಲ. ಅಂದ್ರೆ ಇಲ್ಲಿ ಯಾರೂ ಆಡಲ್ಲ."

ಸುನ್ನಿವಾ ವಾಫಲನ್ನು ತಟ್ಟೆಯಲ್ಲಿಟ್ಟಳು.

ಆ ದಿನ ಟೀಚರ್ "ಆಡೋ ಜಾಗಕ್ಕೆಲ್ಲ ಹಸಿರು ಚುಕ್ಕೆ ಹಾಕಿ" ಅಂದಿದ್ದರು. ಅವಳು ಫುಟ್‌ಬಾಲ್ ಮೈದಾನಕ್ಕೆ ಹಾಕಿದ್ದಳು, ಲೈಬ್ರರಿಗೆ ಹಾಕಿದ್ದಳು, ಐಸ್‌ಕ್ರೀಮ್ ಅಂಗಡಿಗೂ ಹಾಕಿದ್ದಳು. ಗುಡ್ಡವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದಳು. "ಹಾಕಿದ್ರೆ ಏಳನೇ ಕ್ಲಾಸಿನವರಿಗೆ ಗೊತ್ತಾಗಿ ಜಾಗ ಕಿತ್ಕೊಳ್ತಾರೆ," ಎಂದಿದ್ದ ಐವಿಂಡ್. ಮೂರು ಚಳಿಗಾಲ, ಹಿಮ ಬಿದ್ದಾಗಲೆಲ್ಲ, ಇಬ್ಬರೂ ಜಾರುಹಲಗೆಯ ಮೇಲೆ ಕೂತು, ಟೋಪಿ ಹಾರಿಹೋಗುವಂತೆ ಅಲ್ಲಿ ಜಾರಿದ್ದರು.

"ಹೇಳಿಬಿಡ್ಲಾ?" ಸುನ್ನಿವಾ ಕೇಳಿದಳು.

"ಬಾಯಿ ಮುಚ್ಕೊಂಡಿರು! ಏಳನೇ ಕ್ಲಾಸಿನ ಹುಡುಗ ಬ್ರಾಗೆ ಅಲ್ಲೇ ಕೂತಿದ್ದಾನೆ."

"ಹಾಗಾದ್ರೆ ಡಾಂಬರಿನ ಮೇಲೆ ಜಾರ್ತೀಯಾ?"

ಸುನ್ನಿವಾ ಕೈ ಎತ್ತಿದಳು. ಎದ್ದು ನಿಂತಳು.

"ನಾವು ಅಲ್ಲಿ ಜಾರ್ತೀವಿ. ಚುಕ್ಕೆ ಹಾಕಿರ್ಲಿಲ್ಲ. ಅದು... ಸೀಕ್ರೆಟ್ ಆಗಿತ್ತು."

"ಏನು?" ಬ್ರಾಗೆ ಕುರ್ಚಿಯಿಂದ ನೆಗೆದ. "ಅದು ನಮ್ಮ ಸೀಕ್ರೆಟ್! ನಾವೂ ಚುಕ್ಕೆ ಹಾಕಿಲ್ಲ!"

"ನೀವ್ಯಾವಾಗ ಬರ್ತೀರಿ?"

"ಸಂಜೆ, ಹಣೆಗೆ ಲೈಟ್ ಕಟ್ಕೊಂಡು. ನೀವು?"

"ಭಾನುವಾರ ಬೆಳಿಗ್ಗೆ."

"ನಾವು ಶನಿವಾರ!" ಹಿಂದಿನಿಂದ ಎರಡನೇ ಕ್ಲಾಸಿನ ಪುಟ್ಟಿಯೊಬ್ಬಳು ಕೂಗಿದಳು.

"ಅದಕ್ಕೇ ಅಲ್ಲಿನ ಹಿಮ ಯಾವಾಗ್ಲೂ ಅಷ್ಟೊಂದು ನುಣ್ಣಗಿರ್ತಿತ್ತು!" ಎಂದ ಐವಿಂಡ್.

ಜಿಮ್ ತುಂಬ ನಗು. ರಾಗ್ನ್‌ಹಿಲ್ಡ್ ಕೂಡ ತಲೆ ಮೇಲೆ ಕೈಯಿಟ್ಟುಕೊಂಡು ನಕ್ಕರು. ಆಮೇಲೆ ಮ್ಯಾಪಿನ ಕಡೆ ತಿರುಗಿದರು. "ಹಾಗಾದ್ರೆ ರಸ್ತೆ ಗುಡ್ಡ ಸುತ್ತಿ ಹೋಗ್ಬೇಕಾಗುತ್ತೆ. ಆದ್ರೆ..."

ಅವರ ಬೆರಳು ಗುಡ್ಡ ಸುತ್ತಿ ಒಂದು ಪುಟ್ಟ ಚೌಕದ ಮುಂದೆ ನಿಂತಿತು. ಅದು ಟೋರ್ಮೂಡ್ ಅವರ ಮನೆ.

ನಗು ನಿಂತುಹೋಯಿತು. ಈಗ ಮುದುಕ ಕಟ್ಟಡದ ಸೂರು ಹಾರಿಹೋಗುವಂತೆ ಕೂಗುತ್ತಾರೆ ಎಂದು ಎಲ್ಲರೂ ಕಾದರು. ಟೋರ್ಮೂಡ್ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು ಮುಗಿಸಿದರು.

"ಹುಡುಗನಾಗಿದ್ದಾಗ ನಾನು ಹಲ್ಲು ಮುರ್ಕೊಂಡಿದ್ದು ಅದೇ ಇಳಿಜಾರಲ್ಲಿ," ಎಂದು ಗೊಣಗಿದರು. "ನಾವೂ ಯಾರಿಗೂ ಹೇಳಿರ್ಲಿಲ್ಲ. ಹೂಂ, ಎಳೀರಿ ಗೆರೆ. ನನ್ನ ಗೇಟಿನ ಮುಂದೇನೇ ಎಳೀರಿ."

ರಾಗ್ನ್‌ಹಿಲ್ಡ್ ಹಳೆಯ ಗೆರೆ ಅಳಿಸಿ ಹೊಸದು ಎಳೆದರು. ಚಪ್ಪಾಳೆ ಬಿತ್ತು. "ಉಳೀತು ಕಣೇ!" ಎಂದು ಐವಿಂಡ್ ಅವಳ ಭುಜಕ್ಕೊಂದು ಗುದ್ದು ಕೊಟ್ಟ.

ಸುನ್ನಿವಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಕಣ್ಣು ಮಾತ್ರ ಆ ಪುಟ್ಟ ಚೌಕದ ಮೇಲೇ ಇತ್ತು. ಇಷ್ಟು ಹೊತ್ತೂ ಅವಳು ಗುಡ್ಡವನ್ನಷ್ಟೇ ನೋಡುತ್ತಿದ್ದಳು. ಗುಡ್ಡದಿಂದ ಎದ್ದ ಕೆಂಪು ಗೆರೆ ಈಗ ಅಲ್ಲಿ ಹೋಗಿ ಕೂತಿತ್ತು. ಅವಳು ಮತ್ತೆ ಕೈ ಎತ್ತಿದಳು.

"ಇನ್ನೊಂದು ಸೀಕ್ರೆಟ್ಟಾ?" ರಾಗ್ನ್‌ಹಿಲ್ಡ್ ಕೇಳಿದರು.

"ಅಲ್ಲ. ಆ ಗೇಟಿನ ಮುಂದೆ ಒಂದು ಹಂಪ್ ಹಾಕ್ತೀರಾ? ಟೋರ್ಮೂಡ್ ಅವರ ಅಂಚೆಪೆಟ್ಟಿಗೆ ಆ ಗೆರೆಯ ಆಚೆ ಬದೀಲಿದೆ. ಬೆಳಿಗ್ಗೆ ಪೇಪರ್ ತರೋಕೆ ದಾಟ್ತಾರೆ. ಅವರು ತುಂಬಾ ನಿಧಾನ."

"ನಿಧಾನ ಅಂತ ಯಾರೇ ಹೇಳಿದ್ದು ನಿನಗೆ?" ಟೋರ್ಮೂಡ್ ಗುಡುಗಿದರು. ಆಮೇಲೆ ರಾಗ್ನ್‌ಹಿಲ್ಡ್ ಕಡೆ ತಿರುಗಿ, "ಎರಡು ಹಂಪ್ ಬರ್ಕೊಳ್ಳಿ," ಎಂದರು.

ಟೋರ್ಮೂಡ್ ಅವರ ಪಕ್ಕದ ಕುರ್ಚಿ ಸಂಜೆಯಿಂದಲೂ ಖಾಲಿಯಿತ್ತು. ಅವರ ಬೈಗುಳಕ್ಕೆ ಹೆದರಿ ಯಾರೂ ಅಲ್ಲಿ ಕೂತಿರಲಿಲ್ಲ. ಸುನ್ನಿವಾ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅಲ್ಲಿ ಕೂತಳು.